ತಾವೆಟ್ಟಿಯ ಸೌನಾದಲ್ಲಿ ಹೊಗೆಯಿಲ್ಲ

ಉತ್ತರದ ಹಿಮನಾಡಿನ ಹಿರ್ವಿಲಾಹ್ತಿಯಲ್ಲಿ ಹೊಗೆ ಎದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಶನಿವಾರ ಸಂಜೆ ಹೊಗೆ ಏಳದಿದ್ದರೆ ಮಾತ್ರ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಶನಿವಾರ ನಾಲ್ಕು ಹೊಡೆಯಿತೆಂದರೆ ಕೆರೆಯಂಚಿನ ಒಂದೊಂದು ಸೌನಾದ, ಅಂದರೆ ಕಲ್ಲು ಕಾಯಿಸಿ ಬೆವರುವ ಸ್ನಾನದ ಗುಡಿಸಲಿನ, ಚಿಮಣಿಯೂ ಹೊಗೆಯಾಡಬೇಕು. ಜನ ಒಳಗೆ ಕೂತು ಬೆವರಬೇಕು, ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ತಮ್ಮನ್ನು ತಾವೇ ಬಡಿದುಕೊಳ್ಳಬೇಕು, ಹೊರಗೆ ಬಂದು ಸಾಸೇಜ್ ತಿನ್ನಬೇಕು. ಯುದ್ಧದ ಕಾಲದಲ್ಲೂ ಇದು ತಪ್ಪಿರಲಿಲ್ಲವಂತೆ. ಹೊಗೆ ಬರಲಿಲ್ಲ ಅಂದರೆ ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ, ಇಲ್ಲವೇ ಸಾಯುತ್ತಿದ್ದಾರೆ, ಅದೂ ಇಲ್ಲದಿದ್ದರೆ ಒಬ್ಬರನ್ನೊಬ್ಬರು ಸಾಯಿಸುತ್ತಿದ್ದಾರೆ. ಯಾವುದು ಅಂತ ತಿಳಿಯುವ ಹಕ್ಕು ಊರಿಗಿದೆ.

ಇಂಥ ಊರಿನಲ್ಲಿ ತಾವೆಟ್ಟಿಯ ಸೌನಾದಿಂದ ಇಪ್ಪತ್ತೊಂದು ಶನಿವಾರ ಹೊಗೆ ಬರಲಿಲ್ಲ.

ತಾವೆಟ್ಟಿ ಕೆಟ್ಟವನಲ್ಲ. ಐವತ್ತೆರಡು ವರ್ಷ, ಮರದ ಮಿಲ್ಲಿನಲ್ಲಿ ಕೆಲಸ, ಒಬ್ಬಳು ಹೆಂಡತಿ, ಒಂದು ಗಾಡಿ. ಗಾಡಿ ಅಂದರೆ ಸ್ನೋಮೊಬೈಲು. ಏಳು ತಿಂಗಳು ಹಿಮ ಬೀಳುವ ಕಡೆ ಗಾಡಿ ಅಂದರೆ ಮತ್ತೇನಿದ್ದೀತು? ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. ನಾಲ್ಕನೆಯ ಕಾಲು ಕಣ್ಣಿಗೆ ಬಿದ್ದರೆ ಅದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುತ್ತಾನೆ.

ಕೆರೆ ಹೆಪ್ಪುಗಟ್ಟಿದ ಮೇಲೆ ಈ ದಡದಿಂದ ಆ ದಡದವರೆಗೆ ಕೋಲು ನೆಟ್ಟು ಚಳಿಗಾಲದ ದಾರಿ ಗುರುತಿಸುವ ಕೆಲಸ ಹನ್ನೊಂದು ವರ್ಷದಿಂದ ಅವನದೇ ಆಗಿತ್ತು. ನಾನೂರು ಕೋಲು, ದಾರ ಹಿಡಿದಂತೆ ನೇರ. ಆಚೆ ದಡದ ಮುದುಕರು, ಶಾಲೆಯ ಮಕ್ಕಳು, ಅಂಚೆಯವನು, ಎಲ್ಲರೂ ಅದೇ ದಾರಿಯಲ್ಲಿ ಓಡಾಡುವವರು. ಹೋದ ವರ್ಷ ಕೆರೆ ಹೆಪ್ಪುಗಟ್ಟಿದ ದಿನ ತಾವೆಟ್ಟಿ ಊರವರ ಮುಂದೆ ಗಾಡಿಯ ಸ್ಟಾರ್ಟರ್ ಹಗ್ಗ ಎಳೆದ. ಗಾಡಿ ಉಸಿರೆತ್ತಲಿಲ್ಲ. ನಲವತ್ತಮೂರು ಸಲ ಎಳೆದ. ನಲವತ್ತನಾಲ್ಕನೆಯದಕ್ಕೆ ಸೈಲೆನ್ಸರ್ ಢಂ ಅಂದು, ಒಳಗಿಂದ ಒಂದು ಇಲಿ, ಅದರ ಸಂಸಾರ, ತಾವೆಟ್ಟಿಯದೇ ಒಂದು ಉಣ್ಣೆ ಕಾಲುಚೀಲ, ಎಲ್ಲ ಹಿಮದ ಮೇಲೆ ಬಂದು ಬಿದ್ದವು. ಊರು ನಕ್ಕ ನಗುವಿಗೆ ಮಂಜುಗಡ್ಡೆ ಬಿರುಕು ಬಿಡದಿದ್ದದ್ದೇ ಪುಣ್ಯ.

ಆ ವರ್ಷ ಕೋಲು ನೆಟ್ಟವನು ಪಕ್ಕದ ಮನೆಯ ರೇಯೊ. ಅವನಿಗೆ ಹೀಟರ್ ಇರುವ ಶೆಡ್ಡಿದೆ, ಬಿಳಿ ಹಲ್ಲಿದೆ, ಕೆರೆಯ ಮೂಲೆಯಲ್ಲಿ ಕಾಫಿ ಮಾರುವ ಗೂಡಂಗಡಿಯಿದೆ. ಅವನು ನೆಟ್ಟ ದಾರಿ ನೇರ ಹೋಗದೆ ಸೊಟ್ಟ ತಿರುಗಿ, ಅವನ ಗೂಡಂಗಡಿಯ ಮುಂದೆ ಹಾದು, ಆಮೇಲೆ ನೆನಪು ಬಂದವರ ಹಾಗೆ ಆಚೆ ದಡ ಸೇರುತ್ತಿತ್ತು. ಎರಡೂವರೆ ಕಿಲೋಮೀಟರು ಸುತ್ತು.

ಏಪ್ರಿಲ್‌ನಲ್ಲಿ ಹಿಮದಾರಿ ಸಂಘದ ಸಭೆ ಆಯಿತು. ಅಧ್ಯಕ್ಷೆ ಸೈಮಾ, ಆಚೆ ದಡದವರು, ಎಪ್ಪತ್ತಾರು ವರ್ಷ, ತಾವೆಟ್ಟಿಗೆ ಸ್ವಂತ ಅತ್ತೆ. ಅಳಿಯನಿಗೆ ದಯೆ ತೋರಿಸಿದರು ಅನ್ನುವ ಅಪವಾದ ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವರ ಮೇಲೆ ಬಂದಿರಲಿಲ್ಲ.

"ಇನ್ನು ಜಗಳ ಬೇಡ" ಅಂದರು. "ಮೊದಲ ಹಿಮ ಬಿದ್ದ ಮೇಲಿನ ಶನಿವಾರ ಸಂಘ ಮನೆಮನೆಗೆ ಬರುತ್ತೆ. ಯಾರ ಗಾಡಿ ಒಂದೇ ಎಳೆತಕ್ಕೆ ಶುರುವಾಗುತ್ತೋ ಅವರಿಗೆ ಹತ್ತು ವರ್ಷ ಕೋಲಿನ ಕೆಲಸ. ಎರಡನೇ ಎಳೆತ ಇಲ್ಲ."

ರೇಯೊ ಹಲ್ಲು ತೋರಿಸಿದ. "ತಾವೆಟ್ಟಿ, ಇಲಿಗಳಿಗೆ ಮೊದಲೇ ನೋಟೀಸು ಕೊಟ್ಟಿರಪ್ಪಾ. ಬಾಣಂತಿಯರಿರ್ತಾರೆ."

ತಾವೆಟ್ಟಿ ಮನೆಗೆ ಬಂದು ಗಾಡಿಯ ಜೊತೆ ಬಂದಿದ್ದ ಪುಸ್ತಕ ಹುಡುಕಿದ. ಅದು ಹದಿನಾಲ್ಕು ವರ್ಷದಿಂದ ಅಡುಗೆಮನೆ ಮೇಜಿನ ಕುಂಟು ಕಾಲಿನ ಕೆಳಗಿತ್ತು. ಕನ್ನಡಕ ಹಾಕಿ, ಬೆರಳಿಟ್ಟು, ಬೈಬಲ್ ಓದುವ ಹಾಗೆ ಬೇಸಿಗೆ ಸಂರಕ್ಷಣೆಯ ಅಧ್ಯಾಯ ಓದಿದ. ಹಳೇ ಪೆಟ್ರೋಲು ತೆಗೆ, ಕಾರ್ಬ್ಯುರೇಟರ್ ಸ್ಪಿರಿಟ್ಟಿನಲ್ಲಿ ತೊಳೆ, ಪ್ಲಗ್ಗು ಬಿಚ್ಚಿ ಸಿಲಿಂಡರಿಗೆ ಎಣ್ಣೆ ಬಿಡು, ಬೆಲ್ಟು ಕಳಚು, ಟ್ರ್ಯಾಕು ಸಡಿಲಿಸು, ಸಂದುಸಂದಿಗೆ ಗ್ರೀಸು ಹೊಡಿ, ಗಾಡಿ ನೆಲ ಮುಟ್ಟದಂತೆ ಮೇಲೆತ್ತಿ ನಿಲ್ಲಿಸು, ಇಲಿ ನುಸುಳುವ ತೂತಿಗೆಲ್ಲ ತಾಮ್ರದ ನಾರು ತುರುಕು. ಮೇ ತಿಂಗಳಿಡೀ ಅದನ್ನೇ ಮಾಡಿದ. ಹೆಂಡತಿ ಹೆಲ್ಕಾಗೆ ಕೊಂಡಿದ್ದ ಮುಖದ ಕ್ರೀಮನ್ನೂ ಸೀಟಿನ ಚರ್ಮಕ್ಕೆ ತಿಕ್ಕಿದ.

ಕೊನೆಯ ಸಾಲು ಮಾತ್ರ ಅವನನ್ನು ಕಾಡಿತು: 'ಒಣಗಿದ, ಗಾಳಿಯಾಡುವ, ಇಲಿ ಬಾರದ ಜಾಗದಲ್ಲಿ, ಬೆಂಕಿಯಿಂದ ದೂರ ಇಡತಕ್ಕದ್ದು.' ಅವನ ಕೊಟ್ಟಿಗೆಯ ಮಾಡು ಸೋರುತ್ತದೆ, ನೆಲ ಒಸರುತ್ತದೆ, ಇಲಿಗಳಿಗಂತೂ ಅದು ತವರುಮನೆ. ಇಡೀ ಹಿತ್ತಲಲ್ಲಿ ಒಣಗಿದ, ಗಾಳಿಯಾಡುವ, ಇಲಿ ಬಾರದ ಜಾಗ ಇದ್ದದ್ದು ಒಂದೇ. ಅಜ್ಜ ಮರದ ದಿಮ್ಮಿ ಜೋಡಿಸಿ ಕಟ್ಟಿದ ಸೌನಾ. ಬೆಂಕಿಯೊಂದು ಅಲ್ಲಿತ್ತು ನಿಜ. ಅದಕ್ಕೇನು, ಹಚ್ಚದಿದ್ದರಾಯಿತು!

ಹೆಲ್ಕಾ ಎರಡು ದಿನ ತವರಿಗೆ ಹೋಗಿದ್ದಾಗ ಬಾಗಿಲ ಪಕ್ಕದ ಹಲಗೆ ಕಿತ್ತು, ಗಾಡಿ ಒಳಗೆ ತಳ್ಳಿ, ಹಲಗೆ ಮತ್ತೆ ಬಡಿದ. ಅವಳು ಬಂದು ಟವೆಲು ಹಿಡಿದು ಸೌನಾದ ಬಾಗಿಲು ತೆಗೆದರೆ, ಒಳಗೆ ಅವಳ ಮದುವೆಯ ಹೊದಿಕೆ ಹೊದ್ದುಕೊಂಡು ಗಾಡಿ ನಿಂತಿತ್ತು.

"ತಾವೆಟ್ಟೀ! ಏನೋ ಇದು?"

"ಮೆಲ್ಲಗೆ ಮಾತಾಡೆ. ಊರಿಗೆ ಕೇಳಿಸುತ್ತೆ."

"ನಾನೆಲ್ಲಿ ಸ್ನಾನ ಮಾಡ್ಲಿ?"

"ನಿಮ್ಮಮ್ಮನ ಮನೆಯಲ್ಲಿ ಸೌನಾ ಇಲ್ವಾ? ಐದೇ ತಿಂಗಳು ಕಣೇ. ಗಾಡಿನ ಸೌನಾಕ್ಕೆ ತಂದಿಟ್ಟ ಅಂತ ಗೊತ್ತಾದ್ರೆ ಆ ರೇಯೊ ನನ್ನನ್ನ ಬದುಕೋಕೆ ಬಿಡ್ತಾನಾ? ಬಾಯಿ ಬಿಡಲ್ಲ ಅಂತ ಮಾತು ಕೊಡು."

ಹೆಲ್ಕಾಗೆ ಮೈಯೆಲ್ಲ ಉರಿಯಿತು. ಆದರೆ ಹೋದ ಚಳಿಗಾಲ ತಾಯಿಯ ಮನೆಗೆ ಹೋಗುವಾಗೆಲ್ಲ ರೇಯೊನ ಗೂಡಂಗಡಿ ಸುತ್ತಿಕೊಂಡು ಮೂಗು ಹೆಪ್ಪುಗಟ್ಟಿಸಿಕೊಂಡಿದ್ದು ಅವಳಿಗೆ ಮರೆತಿರಲಿಲ್ಲ. "ಗೆಲ್ಲದೇ ಇದ್ರೆ ಆ ಗಾಡಿ ಮೇಲೇನೇ ಮಲ್ಕೋ" ಅಂದು ಮಾತು ಕೊಟ್ಟಳು.

ಮೊದಲ ಶನಿವಾರ ಹೊಗೆ ಬರಲಿಲ್ಲ. ಎದುರುಮನೆಯ ಲೆಂಪಿ ದುರ್ಬೀನಿನಲ್ಲಿ ನೋಡಿದಳು. ಅವಳು ವಿಧವೆ, ಊರಿನ ಏಕೈಕ ಅಂಗಡಿಯ ಒಡತಿ, ದುರ್ಬೀನು ಹಕ್ಕಿ ನೋಡಲು ಅಂತ ಕೊಂಡದ್ದು. ಐದು ಗಂಟೆಗೆ ಮೀನಿನ ಕಡುಬು ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಬಾಗಿಲಲ್ಲಿದ್ದಳು.

"ಯಾರಪ್ಪಾ ಹೋದದ್ದು?"

"ಯಾರೂ ಹೋಗಿಲ್ಲ."

"ಹೆಲ್ಕಾ ಎಲ್ಲಿ?"

"ಹೋದ್ಳು."

"ಅಯ್ಯೋ ದೇವರೇ!"

"ಅವಳಮ್ಮನ ಮನೆಗೆ ಹೋದ್ಳು ಕಣಮ್ಮಾ!"

ಲೆಂಪಿ ಕಡುಬು ಕೊಟ್ಟು, ಕಣ್ಣೊರೆಸಿಕೊಂಡು, ಈ ಹೊಸ ಸರಕು ಹೊತ್ತು ಅಂಗಡಿಗೆ ಓಡಿದಳು. ಹೆಲ್ಕಾ ಚೀಲ ಹಿಡಿದು ದೋಣಿ ಹುಟ್ಟು ಹಾಕಿಕೊಂಡು ತವರಿಗೆ ಹೋಗುವುದನ್ನು ಮುಂದಿನ ಶನಿವಾರ ಊರೇ ದಡದಲ್ಲಿ ನಿಂತು ನೋಡಿತು. ಭಾನುವಾರ ಅವಳು ಕೆಂಪಗೆ ಮಿರಿಮಿರಿ ಮಿಂಚುತ್ತ ವಾಪಸು ಬಂದದ್ದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಂಸಾರ ಮುರಿಯಿತು ಅಂತ ತೀರ್ಮಾನವಾಯಿತು. ಚರ್ಚಿನ ಪಾದ್ರಿ ಬಂದು ತಾವೆಟ್ಟಿಯ ಕೈ ಹಿಡಿದು, "ಕ್ಷಮೆ ದೊಡ್ಡದು" ಅಂದರು. ತಾವೆಟ್ಟಿ, "ಯಾರು ಯಾರನ್ನ ಕ್ಷಮಿಸಬೇಕು?" ಅಂತ ಕೇಳಿದ. ಪಾದ್ರಿಗೂ ಅದು ತಿಳಿದಿರಲಿಲ್ಲ. ಏಲಕ್ಕಿ ಬನ್ನು ತಿಂದು ಹೋದರು.

ಜೂನ್ ಕೊನೆಗೆ ಯುಹಾನ್ನುಸ್ ಹಬ್ಬ. ಸೂರ್ಯ ಮುಳುಗದ ಆ ದಿನ ಸೌನಾ ಮಾಡದವನು ಮನುಷ್ಯನೇ ಅಲ್ಲ. ಸೈಮಾ ಯಾಕೆ ಹೊಗೆಯಿಲ್ಲ ಅಂತ ಮಗಳನ್ನು ಕೇಳಿ ಕೇಳಿ ಸೋತು, ತಾವೇ ದೋಣಿ ಹುಟ್ಟು ಹಾಕಿಕೊಂಡು ಬಂದರು. ಕಂಕುಳಲ್ಲಿ ಎರಡು ಹಸಿ ಸೊಪ್ಪಿನ ಕಟ್ಟು. ತಾವೆಟ್ಟಿ ಸೌನಾದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಅಳಿಯಂದ್ರೇ, ಒಲೆ ಹಚ್ಚಿ."

"ಹಚ್ಚಲ್ಲ ಅತ್ತೆ."

"ಕಟ್ಟಿಗೆ ಇಲ್ವಾ?"

"ಬೆಟ್ಟದಷ್ಟಿದೆ."

"ಒಲೆ ಒಡೆದಿದ್ಯಾ?"

"ಕಲ್ಲು ಕಲ್ಲಿನ ಹಾಗಿದೆ."

"ಮತ್ತೆ ಯಾಕೆ ಹಚ್ಚಲ್ಲ?"

"ಹಚ್ಚಲ್ಲ ಅಂದ್ರೆ ಹಚ್ಚಲ್ಲ! ಈ ಸೌನಾ ನಮ್ಮಜ್ಜ ಕಟ್ಟಿದ್ದು. ಬಿಸಿ ಮಾಡ್ಬೇಕು ಅಂತ ಯಾವ ಕಾನೂನಿದೆ?"

ಅಂಥ ಕಾನೂನು ಬರೆದಿಡಬೇಕೆಂದು ಈ ದೇಶದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸೈಮಾ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೊಪ್ಪಿನ ಕಟ್ಟಿನಿಂದ ಅವನ ಭುಜಕ್ಕೆ ಒಂದು ಬಿಗಿದು, ದೋಣಿ ಹತ್ತಿದರು.

ಜುಲೈನಲ್ಲಿ ಚಿಮಣಿ ಗುಡಿಸುವ ಉಲ್ಲಾ ಬಂದಳು. ವರ್ಷಕ್ಕೊಮ್ಮೆ ಮನೆಮನೆಯ ಚಿಮಣಿ ಗುಡಿಸಿ ಚೀಟಿ ಬರೆಯುವುದು ಅವಳ ಸರ್ಕಾರಿ ಕೆಲಸ. ತಾವೆಟ್ಟಿ ಬೀಗ ತೆಗೆಯಲಿಲ್ಲ. ಉಲ್ಲಾ, "ನೀವು ಬಾಗಿಲು ತೆಗೀದಿದ್ರೆ ನನಗೇನು, ನನ್ನ ಬಾಗಿಲು ಮೇಲಿದೆ" ಅಂದು ಏಣಿ ಹಾಕಿ ಮಾಡು ಹತ್ತಿ ಚಿಮಣಿಗೆ ಮೂಗಿಟ್ಟಳು. ಒಂದು ಸಲ ಮೂಸಿದಳು. ಮತ್ತೊಂದು ಸಲ, ಸ್ವಲ್ಪ ಹೆಚ್ಚು ಹೊತ್ತು, ಮೂಸಿದಳು.

"ಸ್ಪಿರಿಟ್ಟಿನ ವಾಸನೆ" ಅಂದಳು ಕೆಳಗಿಳಿದು.

"ಇರಬಹುದು" ಅಂದ ತಾವೆಟ್ಟಿ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

ಉಲ್ಲಾ ನೇರ ಲೆಂಪಿಯ ಅಂಗಡಿಗೆ ಹೋಗಿ ಕಾಫಿ ಕುಡಿದಳು. ಲೆಂಪಿ ಹಣೆ ಚಚ್ಚಿಕೊಂಡಳು. "ಅಲ್ವೇ, ನಾನೆಂಥ ದಡ್ಡಿ! ಮೇ ತಿಂಗಳಲ್ಲಿ ನನ್ನ ಹತ್ರಾನೇ ತಗೊಂಡು ಹೋದನಲ್ಲೇ! ಎರಡು ಗಜ ರಬ್ಬರ್ ಕೊಳವೆ, ಒಂದು ಆಲಿಕೆ, ಮೂರು ಬಾಟಲಿ ಸ್ಪಿರಿಟ್ಟು, ಎಂಟು ಉಂಡೆ ತಾಮ್ರದ ನಾರು. ಇಷ್ಟಿಟ್ಕೊಂಡು ಕಿಟಕಿಗೆ ಕಂಬಳಿ ಕಟ್ಟಿದ ಗಂಡಸು ಒಳಗೆ ಇನ್ನೇನು ಮಾಡ್ತಾನೆ, ಸ್ವೆಟರ್ ಹೆಣೀತಾನಾ?"

ಹೀಗೆ ಒಂದೇ ಮಧ್ಯಾಹ್ನದಲ್ಲಿ ಹೆಂಡತಿ ಬಿಟ್ಟುಹೋದ ಪಾಪದ ತಾವೆಟ್ಟಿ ಕಳ್ಳಭಟ್ಟಿ ಇಳಿಸುವ ತಾವೆಟ್ಟಿಯಾದ. ಅವನ ಜೀವಮಾನದಲ್ಲಿ ಅಷ್ಟು ಮರ್ಯಾದೆ ಅವನಿಗೆ ಎಂದೂ ಸಿಕ್ಕಿರಲಿಲ್ಲ. ದಾರಿಯಲ್ಲಿ ಜನ ಟೋಪಿ ತೆಗೆದರು. ಮಿಲ್ಲಿನ ಮೇಲ್ವಿಚಾರಕ ಬೆನ್ನು ತಟ್ಟಿದ. ಅಗಸ್ಟಿನಲ್ಲಿ ಹಿಮದಾರಿ ಸಂಘದ ಕಾರ್ಯದರ್ಶಿ ಕೋಟಿನೊಳಗೆ ಖಾಲಿ ಬಾಟಲಿ ಇಟ್ಟುಕೊಂಡು ಹಿತ್ತಲಿಗೆ ಬಂದ.

"ನನಗೆ ಕೆಮ್ಮು ತಾವೆಟ್ಟಿ. ಔಷಧಿಯಷ್ಟು ಸಾಕು."

"ನನ್ನ ಹತ್ರ ಏನೂ ಇಲ್ಲ ಮಾರಾಯ."

"ಗೊತ್ತು ಗೊತ್ತು, ಇಲ್ಲ." ಕಣ್ಣು ಮಿಟುಕಿಸಿದ. "ಅರ್ಧ ಬಾಟಲಿ ಇಲ್ಲ ಅನ್ನು."

ಎರಡು ದಿನ ಬಿಟ್ಟು ಖಜಾಂಚಿ ಬಂದ. ಅವನದು ಮಂಡಿನೋವು. ತಾವೆಟ್ಟಿ ಗದರಿಸಿ ಕಳಿಸಿದ. ಇಬ್ಬರೂ ಲೆಂಪಿಯ ಅಂಗಡಿಯಲ್ಲಿ ಎದುರಾಗಿ, ಇನ್ನೊಬ್ಬನಿಗೆ ಸಿಕ್ಕಿದೆ ತನಗೆ ಮಾತ್ರ ಸಿಕ್ಕಿಲ್ಲ ಅಂತ ಒಬ್ಬರ ಮೇಲೊಬ್ಬರು ಹಲ್ಲು ಕಡಿದರು. ಕೊನೆಗೆ ಪಟ್ಟಣದಿಂದ ತೊಂಬತ್ತು ಕಿಲೋಮೀಟರು ದಾಟಿ ಪೊಲೀಸಿನವನು ಕಲೆರ್ವೊ ಬಂದ. ಅರ್ಧ ಗಂಟೆ ಅಂಗಳದಲ್ಲಿ ನಿಂತು ಹವಾಮಾನದ ವಿಷಯ ಮಾತಾಡಿದ.

"ದೂರು ಬಂದಿದೆ. ಬಾಗಿಲು ತೆಗೀತೀರಾ?"

"ಅಪ್ಪಣೆ ಪತ್ರ ತಂದಿದ್ದೀರಾ?"

"ಇಲ್ಲ."

"ಹಾಗಾದ್ರೆ ತೆಗೆಯಲ್ಲ. ಮೊದಲ ಹಿಮದ ಶನಿವಾರ ಬನ್ನಿ. ಇಡೀ ಊರಿಗೇ ತೆಗೀತೀನಿ. ಅಲ್ಲೀವರೆಗೆ ರಾಷ್ಟ್ರಪತಿ ಬಂದ್ರೂ ಅಷ್ಟೇ!"

ಕಲೆರ್ವೊ ಟೋಪಿ ಸರಿಮಾಡಿಕೊಂಡು ದನಿ ತಗ್ಗಿಸಿದ. "ಸಾಕ್ಷಿಗೆ ಅಂತ ಒಂದು ಬಾಟಲಿ... ಸುಮ್ನೆ, ನೋಡೋಕೆ?"

ಅವನ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ತಾವೆಟ್ಟಿ ಬೈಯುತ್ತಲೇ ಇದ್ದ.

ಆ ಸಂಜೆ ಅಡುಗೆಮನೆಯಲ್ಲಿ ಟಬ್ಬಿನೊಳಗೆ ನಿಂತು ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದವನನ್ನು ಹೆಲ್ಕಾ ಬಹಳ ಹೊತ್ತು ನೋಡಿದಳು. "ಇರೋದನ್ನ ಹೇಳ್ಬಿಡೋ ತಾವೆಟ್ಟಿ. ಒಂದು ದಿನ ನಗ್ತಾರೆ, ಮುಗಿದುಹೋಗುತ್ತೆ."

"ನಗಲಿ ಅಂತಾನೇ ಹೇಳಲ್ಲ. ಹೋದ ಸಲ ನಕ್ರಲ್ಲ, ಆವತ್ತಿಂದ ನಿದ್ದೆ ಬಂದಿಲ್ಲ ನನಗೆ. ನಾನು ಬದುಕಿನಲ್ಲಿ ನೆಟ್ಟಗೆ ಮಾಡಿದ್ದು ಅದೊಂದೇ ದಾರಿ ಕಣೇ. ಅದನ್ನ ಅವನು ಕಾಫಿ ಅಂಗಡಿಗೆ ಬಗ್ಗಿಸಿಬಿಟ್ಟ." ಸೋಪಿನ ನೀರು ಕಣ್ಣಿಗೆ ಹೋಗಿ ಕೆಂಪಾಯಿತು. ಸೋಪೇ ಇರಬೇಕು. ಹೆಲ್ಕಾ ಬೆನ್ನು ತಿಕ್ಕಿದಳು.

ಅಕ್ಟೋಬರ್ ಕೊನೆಗೆ ಮೊದಲ ಹಿಮ ಬಿತ್ತು. ಶನಿವಾರ ಊರೆಲ್ಲ ಸೇರಿತು. ಸೈಮಾ ಅಂಚಿನ ತೆಳು ಮಂಜುಗಡ್ಡೆಯನ್ನು ಹುಟ್ಟಿನಿಂದ ಒಡೆದುಕೊಂಡು ಬಂದಿದ್ದರು. ಮೊದಲು ರೇಯೊನ ಸರದಿ. ಅವನ ಗಾಡಿ ಬೆಚ್ಚಗಿನ ಶೆಡ್ಡಿನಿಂದ ಮದುಮಗನ ಹಾಗೆ ಹೊರಗೆ ಬಂತು. ಒಂದೇ ಎಳೆತ. ಗುರ್ ಅಂತು. ಜನ ಚಪ್ಪಾಳೆ ತಟ್ಟಿದರು. ರೇಯೊ ಎಲ್ಲರಿಗೂ ಕಾಫಿ ಕೊಟ್ಟ, ಆವತ್ತು ಪುಕ್ಕಟೆ.

ಆಮೇಲೆ ಮೆರವಣಿಗೆ ತಾವೆಟ್ಟಿಯ ಸೌನಾದ ಮುಂದೆ ಬಂದು ನಿಂತಿತು. ಲೆಂಪಿ ಅಷ್ಟು ಹತ್ತಿರದಿಂದಲೂ ದುರ್ಬೀನು ಹಿಡಿದಿದ್ದಳು. ಕಲೆರ್ವೊ ಈ ಸಲ ಅಪ್ಪಣೆ ಪತ್ರ ತಂದಿದ್ದ. ಕಾರ್ಯದರ್ಶಿ, ಖಜಾಂಚಿ ಇಬ್ಬರ ಕೋಟೂ ಉಬ್ಬಿತ್ತು. ತಾವೆಟ್ಟಿ ಬೀಗ ತೆಗೆದು ಬಾಗಿಲು ತಳ್ಳಿ, ಮದುವೆಯ ಹೊದಿಕೆ ಎಳೆದ.

ಎಲ್ಲರೂ ಕತ್ತು ಚಾಚಿ ಒಳಗೆ ಇಣುಕಿದರು.

"ಗಾಡಿ..." ಅಂದ ಕಾರ್ಯದರ್ಶಿ, ಅಳುವವನ ಹಾಗೆ.

"ಥೂ ನಿನ್ನ!" ಲೆಂಪಿ ಕಿರುಚಿದಳು. "ಈ ತಗಡಿಗೆ ನಾನು ಮೀನಿನ ಕಡುಬು ಮಾಡಿ ಕೊಟ್ನಾ? ಇದಕ್ಕಾಗಿ ಅತ್ನಾ ನಾನು?"

ಆಗ ನಗು ಶುರುವಾಯಿತು. ಹೋದ ವರ್ಷದ್ದಕ್ಕಿಂತ ದೊಡ್ಡ ನಗು. ರೇಯೊ ಹೊಟ್ಟೆ ಹಿಡಿದುಕೊಂಡು ಹಿಮದ ಮೇಲೆ ಕೂತುಬಿಟ್ಟ. ತಾವೆಟ್ಟಿ ತಲೆ ಎತ್ತಿ ನಿಂತು, ಅವರು ನಕ್ಕು ಮುಗಿಸುವವರೆಗೂ ಕಾದ. ಆಮೇಲೆ ತಾಮ್ರದ ನಾರಿನ ಎಂಟು ಉಂಡೆಯನ್ನೂ ಒಂದೊಂದಾಗಿ ಹೊರಗೆಳೆದು ಎಲ್ಲರಿಗೂ ತೋರಿಸಿದ. ಗಾಡಿ ನೆಲಕ್ಕಿಳಿಸಿ ಬೆಲ್ಟು, ಹೊಸ ಪೆಟ್ರೋಲು ಹಿಂದಿನ ರಾತ್ರಿಯೇ ಹಾಕಿಟ್ಟಿದ್ದ. ಹೊಸ ಪ್ಲಗ್ಗು ಕೂರಿಸಿದ. ಹಗ್ಗ ಹಿಡಿದ. ಹೆಲ್ಕಾ ಕಣ್ಣು ಮುಚ್ಚಿಕೊಂಡಳು.

ಒಂದು ಎಳೆತ.

ಗಾಡಿ ಕೆಮ್ಮಿತು, ಉಗುಳಿತು, ಗುಡುಗಿತು. ಐದು ತಿಂಗಳು ಸಿಲಿಂಡರಿನಲ್ಲಿ ಕೂತಿದ್ದ ಎಣ್ಣೆಯೆಲ್ಲ ಒಟ್ಟಿಗೆ ಸುಟ್ಟು, ನೀಲಿ ಹೊಗೆ ಸೌನಾ ತುಂಬಿ, ಬಾಗಿಲಿನಿಂದ, ಕಿಟಕಿಯಿಂದ, ಚಿಮಣಿಯಿಂದ ಭರ್ರೆಂದು ಹೊರಗೆ ನುಗ್ಗಿತು. ಸಂಘ ಚೆಲ್ಲಾಪಿಲ್ಲಿಯಾಗಿ ಓಡಿತು. ಒಳಗಿಂದ ಹಲಗೆ ಒದೆಯುವ ಸದ್ದು ಕೇಳಿತು. ಹಲಗೆ ಹಾರಿತು. ಹೊಗೆ ಸೀಳಿಕೊಂಡು ತಾವೆಟ್ಟಿ ಗಾಡಿಯ ಮೇಲೆ ಹಿಮಕ್ಕೆ ಬಂದ. ಹಲ್ಲು, ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಎಣ್ಣೆಮಸಿ.

"ಒಂದೇ ಎಳೆತ!" ಅಂತ ಕೂಗಿದ.

"ನಡೆಯಲ್ಲ!" ರೇಯೊ ಎದ್ದು ನಿಂತ. ನಗು ಎಲ್ಲೋ ಹೋಗಿತ್ತು. "ಹಿಮದ ಗಾಡಿನ ಹಿಮದ ಮೇಲೆ ಶುರು ಮಾಡ್ಬೇಕು. ಇವನು ಮಾಡಿದ್ದು ಮರದ ನೆಲದ ಮೇಲೆ, ಮನೆಯೊಳಗೆ. ಕೇಳಿ ಸಂಘದವರನ್ನ."

ಔಷಧಿ ಸಿಗದ ಕಾರ್ಯದರ್ಶಿ ಹೌದೆಂದ. ಮಂಡಿನೋವಿನ ಖಜಾಂಚಿಯೂ ಹೌದೆಂದ. ಲೆಂಪಿ, "ನನ್ನ ಕಡುಬು ವಾಪಸು ಕೊಡೋವರೆಗೂ ನಾನು ಮಾತಾಡಲ್ಲ" ಅಂದಳು. ಎಲ್ಲರೂ ಸೈಮಾರತ್ತ ತಿರುಗಿದರು.

"ಗಾಡಿ ಎರಡೂ ನೆಟ್ಟಗಿವೆ" ಅಂದರು ಸೈಮಾ. "ಇನ್ನು ನೋಡ್ಬೇಕಾದ್ದು ಮನುಷ್ಯನ್ನ."

ರೇಯೊ ಸಂದರ್ಭ ಬಿಡುವವನಲ್ಲ. ತಾವೆಟ್ಟಿಯ ಹತ್ತಿರ ಬಂದು, ಮೂಗು ಮುಚ್ಚಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಪ್ರೀತಿಯಿಂದ ಹೇಳಿದ: "ನೋಡಪ್ಪಾ, ನಿನ್ನ ಸೌನಾದಲ್ಲಿ ಇನ್ನು ಕ್ರಿಸ್‌ಮಸ್‌ವರೆಗೆ ಬೆಕ್ಕೂ ಸ್ನಾನ ಮಾಡಲ್ಲ. ನನ್ನದು ಬೆಳಗಿಂದ ಉರೀತಿದೆ, ಕಲ್ಲು ಕೆಂಪಗಾಗಿದೆ. ಬಾ, ಕೂರೋಕೆ ಎಲ್ಲಕ್ಕಿಂತ ಬಿಸಿಯಾದ ಮೇಲಿನ ಹಲಗೆ ನಿನಗೇ. ಬೆನ್ನು ನಾನೇ ತಿಕ್ತೀನಿ. ಈ ಕೋಲು ಗೀಲು ಅನ್ನೋ ಉಸಾಬರಿ ಒಂದು ಬಿಟ್ಬಿಡು."

ಇಪ್ಪತ್ತೊಂದು ಶನಿವಾರ ಸೌನಾ ಕಾಣದ ಮನುಷ್ಯ ಅವನು. ಪಕ್ಕದ ಚಿಮಣಿಯಿಂದ ಬರ್ಚ್ ಕಟ್ಟಿಗೆಯ ಹೊಗೆ ತೇಲಿ ಬಂತು. ತಾವೆಟ್ಟಿಯ ಮೂಗಿನ ಹೊಳ್ಳೆ ಅರಳಿದ್ದನ್ನು ಊರು ನೋಡಿತು. ಹೆಲ್ಕಾಳೂ ನೋಡಿ, ಮುಗಿಯಿತು ಕಥೆ ಅಂದುಕೊಂಡಳು.

ತಾವೆಟ್ಟಿ ಗಾಡಿಯಿಂದ ಇಳಿದ. ಜಾಕೆಟ್ಟು ಬಿಚ್ಚಿದ. ಅಂಗಿ, ಬೂಟು, ಪ್ಯಾಂಟು ಬಿಚ್ಚಿದ. ಚಡ್ಡಿಯೊಂದರಲ್ಲಿ ರೇಯೊನ ಮುಂದೆಯೇ ಹಾದು, ಅವನ ಸೌನಾದ ಬಾಗಿಲನ್ನೂ ಹಿಂದೆ ಬಿಟ್ಟು, ಸೀದಾ ಕೆರೆಗೆ ಇಳಿದ. ತೆಳು ಮಂಜುಗಡ್ಡೆ ಮಂಡಿಗೆ ತಾಗಿ ಚಟಪಟ ಒಡೆಯಿತು.

"ಲೋ, ಸಾಯ್ತೀಯಾ ಕಣೋ!" ರೇಯೊ ಕೂಗಿದ.

"ಸತ್ರೂ ನೆಟ್ಟಗೆ ಸಾಯ್ತೀನಿ! ನಿನ್ನ ಗೂಡಂಗಡಿ ಸುತ್ತಿ ಸಾಯಲ್ಲ!"

ಸೊಂಟದವರೆಗೆ ಹೋದ. ಎದೆಯವರೆಗೆ ಹೋದ. ಮಸಿ ನೀರಿನ ಮೇಲೆ ಹರಡಿತು. ಆಚೆ ದಡದಲ್ಲಿ ಕಾಣುವ ಸೈಮಾರ ಮನೆಗೆ ಮುಖ ಮಾಡಿ, ಒಂದು ಕೂದಲೆಳೆಯೂ ಅತ್ತಿತ್ತ ಆಗದೆ ನಡೆಯುತ್ತಿದ್ದವನು ಎಡವಿ, ಹಲ್ಲು ಕಟಕಟ ಅನ್ನುತ್ತಿದ್ದಂತೆಯೇ ತಿರುಗಿ ಕಿರುಚಿದ: "ಇಲ್ಲೊಂದು ಕಲ್ಲಿದೆ! ಇಲ್ಲಿ ಮಂಜುಗಡ್ಡೆ ತೆಳ್ಳಗಿರುತ್ತೆ! ಕೋಲು ಎರಡು ಹೆಜ್ಜೆ ಆಚೆ ಬರ್ಬೇಕು!"

ದಡದಲ್ಲಿ ಯಾರೂ ನಗಲಿಲ್ಲ.

ಸೈಮಾ ಕಾರ್ಯದರ್ಶಿಯ ಉಬ್ಬಿದ ಕೋಟಿಗೆ ಕೈ ಹಾಕಿ, ಖಾಲಿ ಬಾಟಲಿ ತೆಗೆದು ಕಲೆರ್ವೊನ ಕೈಗಿಟ್ಟು, ಅದರ ಹಿಂದಿದ್ದ ಸಂಘದ ಪುಸ್ತಕವನ್ನು ಹೊರಗೆಳೆದು ಕಾರ್ಯದರ್ಶಿಗೇ ಕೊಟ್ಟರು.

"ಬರ್ಕೊಳ್ಳಯ್ಯಾ. ಹತ್ತು ವರ್ಷ, ತಾವೆಟ್ಟಿ. ಕೆಲಸ ಆಗ್ಲೇ ಶುರು ಮಾಡಿದ್ದಾನೆ. ಹೆಲ್ಕಾ, ಆ ಹುಚ್ಚನಿಗೆ ಟವೆಲು ಕೊಡು."